ಶಹಜಾದಿಯವರ ಹಲ್ಲಿಗೂ ನಮ್ಮ ಮಾವನವರ ಪಾದಕ್ಕೂ ಸಂಬಂಧಪಟ್ಟ ದೂರು

ಇವರಿಗೆ,
ಶ್ರೀಮತಿ ಶಹಜಾದಿಯವರು,
ಮದೀನಾಬೀಯವರ ಆಡು,
ಬೇವಿನ ಮರದ ಕೆಳಗೆ, ರಂಗಂಪೇಟೆ, ಸುರಪುರ.

ಮಾನ್ಯರೇ,

ತಮ್ಮ ನಾಲ್ಕೂ ಗೊರಸುಗಳಿಗೆ ಪ್ರತ್ಯೇಕವಾಗಿ ನಮಸ್ಕರಿಸಿ, ಮೊದಲಿಗೆ ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಕಳೆದ ತಿಂಗಳು ಒಂದು ನಡುಮಧ್ಯಾಹ್ನ, ಓಣಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಮ್ಮ ಬಾಯೊಳಗೆ ಅಪ್ಪಣೆಯಿಲ್ಲದೆ ಕೈ ಹಾಕಿ, ತಾವು ಕಣ್ಣು ಮುಚ್ಚಿ ಸವಿಯುತ್ತಿದ್ದ ವಸ್ತುವನ್ನು ಕಸಿದುಕೊಂಡವನು ನಾನೇ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಅತಿಥಿ ಉಪನ್ಯಾಸಕನಿಗೆ ಇದು ಶೋಭೆಯಲ್ಲ. ಅತಿಥಿಯಾದವನು ಬಡಿಸಿದ್ದನ್ನು ಉಣ್ಣಬೇಕೇ ಹೊರತು ಇನ್ನೊಬ್ಬರ ಬಾಯಿಂದ ತೆಗೆಯಬಾರದು. ಆದರೆ ಆವೊತ್ತು ತಮ್ಮ ದವಡೆಯ ನಡುವೆ ಇದ್ದದ್ದು ಬರೀ ಉಣ್ಣೆಯಲ್ಲ, ಮಾವನ ಮನೆಯಲ್ಲಿ ನನಗೆ ಉಳಿದಿದ್ದ ಅಷ್ಟಿಷ್ಟು ಮರ್ಯಾದೆ.

ತಾವು ಓದುವುದಿಲ್ಲವೆಂದು ಬಲ್ಲೆ. ಆದರೂ ಈ ಓಣಿಯಲ್ಲಿ ಪತ್ರಿಕೆಗಳನ್ನು ತಮ್ಮಷ್ಟು ಪೂರ್ತಿಯಾಗಿ ಅರಗಿಸಿಕೊಂಡವರು ಬೇರೊಬ್ಬರಿಲ್ಲವಾದ್ದರಿಂದ, ಬಹಿರಂಗ ಪತ್ರವೇ ಸೂಕ್ತವೆಂದು ಭಾವಿಸಿದ್ದೇನೆ.

ಹಿನ್ನೆಲೆ ಹೀಗಿದೆ. ವಡಗೇರಾದಲ್ಲಿರುವ ನಮ್ಮ ಮಾವ ಮರಿಲಿಂಗಪ್ಪನವರು ಈ ಬೇಸಿಗೆಯಲ್ಲಿ ಕೇದಾರಕ್ಕೆ ಹೊರಟು ನಿಂತರು. ಅವರಿಗೆ ನನ್ನ ಬಗ್ಗೆ ಬಹುಕಾಲದಿಂದ ಒಂದು ಅಭಿಪ್ರಾಯವಿದೆ. ಅದನ್ನು ಬಂಧುಬಳಗದ ನಡುವೆ, ನಾನು ಹೋಳಿಗೆ ಮುರಿಯುತ್ತಿರುವಾಗಲೇ ಹೇಳುವುದು ಅವರಿಗೆ ರೂಢಿ: "ನಮ್ಮ ಅಳಿಯಾರು ಮಾತಿನಾಗ ಕಂಬಳಿ ನೇಯ್ತಾರ್ರಿ, ಹೊಚ್ಕೊಳ್ಳಾಕ ಮಾತ್ರ ಒಂದೂ ಸಿಗಂಗಿಲ್ಲ." ಈ ಸಲ ನನಗೆ ರೋಷ ಉಕ್ಕಿ, "ಕೇದಾರದಾಗ ನಿಮ್ಮ ಪಾದ ತಣ್ಣಗಾದ್ರ ನಾ ನಿಮ್ಮ ಅಳಿಯಾನ ಅಲ್ಲರಿ ಮಾವಾರ, ಸಾಕ್ಸ್ ನಾನ ಹೆಣೀತೀನಿ" ಎಂದುಬಿಟ್ಟೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಶಾಂಭವಿ, "ರೀ, ನಿಮಗ ಲಾಡಿ ಪೋಣಿಸಾಕ ಬರಂಗಿಲ್ಲ" ಎಂದು ಪಿಸುಗುಟ್ಟಿದ್ದು ಪಂಕ್ತಿಗೆಲ್ಲ ಕೇಳಿಸಿತು.

ಕೊಂಡುಕೊಳ್ಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಏಪ್ರಿಲ್ ಬಿಸಿಲಿನಲ್ಲಿ ಯಾದಗಿರಿ ಬಜಾರಿಗೆ ಹೋಗಿ ಉಣ್ಣೆಯ ಸಾಕ್ಸ್ ಕೇಳಿದ ಗಿರಾಕಿಯನ್ನು ಅಂಗಡಿಯವರು ಫ್ಯಾನಿನ ಕೆಳಗೆ ಕೂಡಿಸಿ, ತಲೆಗೆ ನೀರು ತಟ್ಟಿ, ಮನೆಯವರ ಫೋನ್ ನಂಬರು ವಿಚಾರಿಸುತ್ತಾರೆ. ಆದಕಾರಣ ಶಹಾಪುರದ ಕಡೆಯ ಕುರಿಗಾರ ಅಮೋಘಸಿದ್ದನಿಂದ ಕಂಬಳಿ ನೂಲು ತಂದೆ. "ಕಂಬಳಿ ನೂಲಿಗಿ ಹುಣಸಿಬೀಜದ ಗಂಜಿ ಕುಡಿಸಬೇಕ್ರಿ ಸರ, ಗಟ್ಟಿ ಬರ್ತದ" ಎಂದ. ಅವನು ಹೇಳಿದ್ದು ಕಂಬಳಿಗೆ. ನಾನು ಕುಡಿಸಿದ್ದು ಸಾಕ್ಸಿಗೆ. ಫೋನಿನ ವಿಡಿಯೊ ನೋಡುತ್ತ ಹೆಣೆದ ಮೊದಲನೆಯ ಕಾಲುಚೀಲವು, ಒಳಗೆ ಕಾಲಿಲ್ಲದೆಯೇ ನಡುಮನೆಯಲ್ಲಿ ಎದ್ದು ನಿಂತಿತು. ನೋಡಿದವರು ಅದಕ್ಕೆ ಕುರ್ಚಿ ಕೊಡುವುದೊಂದು ಬಾಕಿ.

ಅದನ್ನು ಕಟ್ಟೆಯ ಮೇಲೆ ಬಿಸಿಲಿಗಿಟ್ಟು ಎರಡನೆಯದಕ್ಕೆ ನೂಲು ಸುತ್ತುವಷ್ಟರಲ್ಲಿ ತಾವು ಆಗಮಿಸಿದಿರಿ. ಆಡು ಮುಟ್ಟದ ಸೊಪ್ಪಿಲ್ಲವೆಂದ ಹಿರಿಯರು ಸಾಕ್ಸಿನ ವಿಷಯದಲ್ಲಿ ಒಂದು ಮಾತಾದರೂ ಎಚ್ಚರಿಸಬಾರದಿತ್ತೆ? ಮದೀನಾಬೀಯವರು ತಮ್ಮನ್ನು ಸಾಕುಪ್ರಾಣಿ ಎನ್ನುತ್ತಾರೆ. ನನ್ನ ಅನುಭವದಲ್ಲಿ ತಾವು ಸಾಕ್ಸುಪ್ರಾಣಿ. ದೂರಿಗೆ ಹೋದರೆ ಅವರು, "ಅರೇ ಮಾಸ್ತರ್ರ, ಗಂಜಿ ಹಚ್ಚಿ, ಉಪ್ಪು ಹಾಕಿ, ಕಟ್ಟಿ ಮ್ಯಾಲ ಬಡಿಸಿಟ್ಟೀರಿ, ಅದು ತಿನ್ನದ ಏನ್ ಮಾಡಬೇಕು?" ಎಂದರು. ಉಪ್ಪು ನಾನು ಹಾಕಿರಲಿಲ್ಲ. ಅದು ನನ್ನ ಬೆವರು.

ಆಗ ನನ್ನಲ್ಲಿ ಸಂಶೋಧಕನು ಜಾಗೃತನಾದನು. ಒಂದೊಂದಾಗಿ ಹೆಣೆದರೆ ತಾನೇ ತಾವು ಒಂದನ್ನು ತಿಂದು ಇನ್ನೊಂದನ್ನು ವಿಧವೆ ಮಾಡುವುದು? ಎರಡನ್ನೂ ಒಟ್ಟಿಗೇ, ಒಂದೇ ಸೂಜಿಯ ಮೇಲೆ ಹೆಣೆಯುವ ವಿದ್ಯೆಯೊಂದಿದೆ: ಉದ್ದನೆಯ ತಂತಿಯ ಎರಡು ತುದಿಗೂ ಸೂಜಿ, ಅದರ ಮೇಲೆ ಅಕ್ಕಪಕ್ಕ ಎರಡು ಕಾಲುಚೀಲ, ಎರಡಕ್ಕೆ ಎರಡು ಉಂಡೆ ನೂಲು. ಬೆರಳಿನ ಕಡೆಯಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಒಂದರ ನೂಲು ಇನ್ನೊಂದಕ್ಕೆ ದಾಟಬಾರದು, ಅಷ್ಟೆ. ಸೈಕಲ್ ಅಂಗಡಿಯಿಂದ ಎರಡು ಸ್ಪೋಕ್ ಕಡ್ಡಿ, ಒಂದು ಬ್ರೇಕ್ ವಾಯರು ತಂದು ಆ ಸೂಜಿಯನ್ನೂ ನಾನೇ ತಯಾರಿಸಿದೆ. ಹಿಮ್ಮಡಿ ಎರಡೂ ಒಟ್ಟಿಗೇ ತಿರುಗಿದವು, ಎರಡೂ ಒಟ್ಟಿಗೇ ಬೆಳೆದವು. ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲೂಕು ಸೇರಿಸಿ ಜೋಡಿ ಸಾಕ್ಸನ್ನು ಏಕಕಾಲಕ್ಕೆ ಹೆಣೆದ ಗಂಡಸು ನಾನೊಬ್ಬನೇ ಎಂಬುದನ್ನು ವಿನಯದಿಂದ, ಆದರೆ ಕೇಳಿದವರಿಗೂ ಕೇಳದವರಿಗೂ ತಿಳಿಸುತ್ತ ಬಂದಿದ್ದೇನೆ.

ರೈಲಿನ ದಿನವೇ ಹೆಣಿಕೆ ಮುಗಿಯಿತು. ಕೊನೆಯ ಕುಣಿಕೆ ಬಿಗಿದು, ಸೂಜಿ ಕಳಚಿ, ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಜೋಡಿಯ ಮೇಲಂಚು ತಮ್ಮ ಬಾಯಲ್ಲಿತ್ತು. ಮೇಲೆ ಒಪ್ಪಿಕೊಂಡ ಅಪರಾಧ ಘಟಿಸಿದ್ದು ಆಗಲೇ. ಕಸಿದುಕೊಂಡದ್ದನ್ನು, ಮಡಿಕೆಯನ್ನೂ ಬಿಚ್ಚದೆ, ಗಂಜಿಯಿಂದ ಹಪ್ಪಳದಂತೆ ಸೆಟೆದಿದ್ದ ಹಾಗೇ ಜವಳಿ ಅಂಗಡಿಯ ಚೀಲಕ್ಕೆ ಹಾಕಿ, ಯಾದಗಿರಿ ಸ್ಟೇಷನ್ನಿನಲ್ಲಿ ಮಾವನವರ ಕೈಗೆ ಒಪ್ಪಿಸಿದೆ. ವಾರದ ಮೇಲೆ ಕೇದಾರದಿಂದ ಫೋನು ಬಂತು: "ಅಳಿಯಾರ, ನೀವು ಹೆಣದಿದ್ದು ಭಾಳ ಬೆಚ್ಚಗ ಅದರಿ!" ಮುಂದಿನ ಮಾತು ಗಾಳಿಯಲ್ಲಿ ಹೋಯಿತು, ಆದರೆ ನನಗೆ ಅಷ್ಟು ಸಾಕಿತ್ತು. ಆ ವಾಕ್ಯವನ್ನು ಮೂರು ತಾಲೂಕಿಗೂ ಮುಟ್ಟಿಸಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಅಗಿದ ಅಂಚಿನ ಬಗ್ಗೆ ತಾವು ಮುದ್ದಾಂ ನಮ್ಮ ಮನೆಗೆ ಬಂದು, ಎರಡು ಕಾಲಿನ ಮೇಲೆ ನಿಂತು ಕ್ಷಮೆ ಕೇಳಬೇಕು. ಮೆಲುಕು ಹಾಕುವಾಗ ನನ್ನ ಮೊದಲ ಕಾಲುಚೀಲ ಮರಳಿ ಬಂದಲ್ಲಿ ತೊಳೆದು ಹಿಂದಿರುಗಿಸಬೇಕು. ಮತ್ತು ಮುಂದೆ ಯಾರಾದರೂ "ದೇವಿಂದ್ರಪ್ಪ ಬರೇ ಆಡುವವ" ಎಂದರೆ, ಆಡು ತಾವೆಂದೂ, ಮಾಡುವವನು ನಾನೆಂದೂ ಸಾಕ್ಷಿ ನುಡಿಯಬೇಕು.

ತಮ್ಮ ವಿಶ್ವಾಸಿ,
ದೇವಿಂದ್ರಪ್ಪ
(ಮರಿಲಿಂಗಪ್ಪನವರ ಅಳಿಯ, ಸದ್ಯಕ್ಕೆ)

ವಿ.ಸೂ.: ಪತ್ರವನ್ನು ಅಂಚೆಗೆ ಹಾಕುವ ಮುನ್ನ ಮಾವನವರ ಫೋಟೊ ಫೋನಿಗೆ ಬಂತು. ಹಿಂದೆ ಹಿಮ, ಮುಂದೆ ಮಾವ, ತಲೆಯ ಮೇಲೆ ನನ್ನ ಹೆಣಿಕೆ. ಮೇಲಿನ ನಾಲ್ಕು ಬೆರಳಗಲ ಬರುವಾಗ ನಾನು ಒಂದೇ ಉಂಡೆಯ ನೂಲಿನಲ್ಲಿ ಎರಡನ್ನೂ ಸುತ್ತಿಬಿಟ್ಟಿದ್ದೆನಂತೆ. ಎರಡು ಕಾಲಿಗೂ ಸೇರಿ ಬಾಯಿ ಒಂದೇ ಆಗಿ, ನೆಟ್ಟಗೆ ಹಿಡಿದರೆ ಚಡ್ಡಿ, ತಿರುವಿ ಹಾಕಿದರೆ ಕುಲಾವಿ. ಕಾಲುಚೀಲಗಳೆರಡೂ ಮಾವನವರ ಕೆನ್ನೆಯ ಆಚೆಈಚೆ ಜೋತುಬಿದ್ದಿದ್ದವು. ಶಾಂಭವಿ ನಕ್ಕು ನಕ್ಕು ಕೆಳಗೆ ಕೂತಳು. ಮದೀನಾಬೀಯವರು ಕನ್ನಡಕ ಏರಿಸಿ, "ನಮ್ಮ ಶಹಜಾದಿ ಅಲ್ಲಿಗಿ ಯಾವಾಗ ಹೋಗಿದ್ಳು?" ಎಂದರು. ಫೋಟೊದ ಕೆಳಗೆ ಮಾವನವರ ದನಿ: "ಟೊಪಗಿ ಛಲೋ ಆಗ್ಯಾದ ಅಳಿಯಾರ, ಸಾಕ್ಸ್ ಯಾವಾಗ ಹೆಣೀತೀರಿ? ಪಾದ ಸೆಟದಾವ."

ಈಗ ನೆನಪಾಗುತ್ತಿದೆ, ಅಂದು ತಾವು ಬಾಯಿ ಹಾಕಿದ್ದು ಸರಿಯಾಗಿ ಆ ನಾಲ್ಕು ಬೆರಳಗಲಕ್ಕೇ. ಅದೊಂದಿಷ್ಟನ್ನು ನೆಮ್ಮದಿಯಿಂದ ತಿನ್ನಲು ಬಿಟ್ಟಿದ್ದರೆ ಎರಡೂ ಬೇರೆಬೇರೆಯಾಗಿ, ಮಾವನವರ ಕಾಲಿಗೇ ಹೋಗುತ್ತಿದ್ದವು. ಮಾವನವರು ಮುಂದಿನ ವಾರ ಬರುತ್ತಾರೆ. ಟೊಪಗಿಯನ್ನು ಕಟ್ಟೆಯ ಮೇಲೆ ಇಡುತ್ತೇನೆ. ದಯವಿಟ್ಟು ಬನ್ನಿ. ಈ ಸಲ ಕೈ ಹಾಕುವುದಿಲ್ಲ.