ಗಾಡಿಯಲ್ಲಿ ಮಲಗಿದ ಹಾರ್ಮೋನಿಯಂ

ವಾದ್ಯ ಹೊತ್ತುಕೊಂಡು ಊರೂರು ತಿರುಗುವವರಿಗೆ ಕಾರ್ಯಕ್ರಮದಲ್ಲಿ ಅಂಥದ್ದೇನೂ ಆಗುವುದಿಲ್ಲ. ಆಗುವುದೆಲ್ಲ ವಾದ್ಯಗಳನ್ನು ಗಾಡಿಯಲ್ಲಿ ಬಿಟ್ಟು ನಾವು ಮಲಗಿದ ಮೇಲೆ. ನಮಗಂತೂ ಇದು ತಪ್ಪಿದ್ದಿಲ್ಲ.

ನಾವು ಮೂವರು. ನಾನು ತಬಲಾ, ಹೊಟ್ಟೆಪಾಡಿಗೆ ಕುಮಟಾದ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಹಾರ್ಮೋನಿಯಂ ಮಾಸ್ತರು ನಿವೃತ್ತ ಶಿಕ್ಷಕರು, ಹಾಡುವವರೂ ಅವರೇ. ಮೂರನೆಯವನು ಕಾಯ್ಕಿಣಿಯ ಡ್ರೈವರ್. ವ್ಯಾನು ಅವನದು, ತಾಳ ಹಾಕುವವನೂ ಅವನೇ. ಮದುವೆಗೆಲ್ಲ ಈಗ ಡಿಜೆ ಬರುತ್ತದೆ. ನಮ್ಮನ್ನು ಕರೆಯುವವರು ಹೆಚ್ಚಾಗಿ ಸತ್ತವರ ಮನೆಯವರು.

ನಿಲ್ಲದ ಸ್ವರ

ಹೊನ್ನಾವರದ ಆಚೆ, ಕಡಲಿಗೆ ತಾಗಿದ ಒಂದು ಮನೆ. ಯಜಮಾನರು ತೀರಿಕೊಂಡಿದ್ದರು. ವೈಕುಂಠ ಸಮಾರಾಧನೆಯ ದಿನ ಬೆಳಿಗ್ಗೆ ಭಜನೆ ಅಂತ ನಾವು ಹಿಂದಿನ ದಿನವೇ ಹೋಗಿ ಉಳಿದೆವು. ವ್ಯಾನಿನ ಕಿಟಕಿ ಸ್ವಲ್ಪ ತೆರೆದಿರಲಿ, ಹಾರ್ಮೋನಿಯಂ ಪೆಟ್ಟಿಗೆಗೆ ಗಾಳಿ ಆಡಲಿ ಎಂದರು ಮಾಸ್ತರು. ಗಾಳಿ ಆಡಿತು, ಕಡಲಿನ ಗಾಳಿ.

ಬೆಳಿಗ್ಗೆ ಎಲ್ಲರೂ ಕಣ್ಣೊರೆಸಿಕೊಂಡು ಕೂತಿದ್ದಾಗ ಮಾಸ್ತರು ಹಾರ್ಮೋನಿಯಂನ ತಿದಿ ಒತ್ತಿದರು. ಬೆರಳು ಇನ್ನೂ ಇಟ್ಟಿರಲಿಲ್ಲ, ಸ್ವರವೊಂದು ತಾನಾಗಿ ಹೊರಟಿತು. ತೇವಕ್ಕೆ ಉಬ್ಬಿದ ಒಂದು ಕೀ ಕೆಳಗೇ ಸಿಕ್ಕಿಕೊಂಡಿತ್ತು. ಮಾಸ್ತರು ತಟ್ಟಿದರು, ಉಗುರಿನಿಂದ ಎತ್ತಿದರು, ಕೊನೆಗೆ ಅದು ಇಲ್ಲವೇನೋ ಎಂಬಂತೆ ಹಾಡು ಶುರುಮಾಡಿದರು. ಯಾವ ರಾಗ ಎತ್ತಿಕೊಂಡರೂ ಅದರ ಮೇಲೆ ಆ ಸ್ವರ ಸವಾರಿ ಮಾಡುತ್ತಿತ್ತು. ಭಜನೆ ಮುಗಿದಾಗ ಮಾಸ್ತರು ಬೆವತು ಹೋಗಿದ್ದರು. ಮೂಲೆಯಲ್ಲಿ ಕೂತ ಯಜಮಾನತಿಯ ಹತ್ತಿರ ಹೋಗಿ ಕೈ ಮುಗಿದರು.

"ತಪ್ಪು ತಿಳೀಬೇಡಿ ಅಮ್ಮ. ಅದು ನಿಲ್ಲಲೇ ಇಲ್ಲ."

ಆಕೆ ಗೋಡೆಯ ಮೇಲಿನ ಫೋಟೋ ನೋಡಿದರು. "ಇರ್ಲಿ ಬಿಡಿ. ಅವರೂ ಹಂಗೇ. ಒಂದು ಮಾತು ಹಿಡಿದರೆ ಬಿಡ್ತಿರಲಿಲ್ಲ."

ಕಾವಲು

ಆಮೇಲೆ ವ್ಯಾನನ್ನು ಕಡಲ ಹತ್ತಿರ ನಿಲ್ಲಿಸುವುದು ಬಿಟ್ಟೆವು. ಡ್ರೈವರ್ ಅದನ್ನು ಕಾಯ್ಕಿಣಿಯ ತನ್ನ ಅಂಗಳದಲ್ಲಿ, ಒಣಹುಲ್ಲು ಒಟ್ಟಿದ ಕುತ್ರಿಯ ಪಕ್ಕ ನಿಲ್ಲಿಸತೊಡಗಿದ. ಅಲ್ಲಿ ಇಲಿಗಳಿದ್ದವು. ಹೆದರಬೇಡಿ, ವ್ಯಾನಿನಲ್ಲಿ ಬೆಕ್ಕನ್ನೇ ಕೂಡಿಹಾಕುತ್ತೇನೆ ಎಂದ.

ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ತಬಲಾದ ಕಪ್ಪು ಕರಣೆಯ ಸುತ್ತ ಚರ್ಮ ಇಲಿ ಕಡಿದು ಚೂರು ಚೂರು. ಅದರ ಪಕ್ಕದಲ್ಲೇ, ತಬಲಾ ಕೂರಿಸುವ ಬಟ್ಟೆಯ ಸಿಂಬಿಯ ಮೇಲೆ, ಬೆಕ್ಕು ಸುರುಳಿ ಸುತ್ತಿಕೊಂಡು ಗಾಢ ನಿದ್ದೆಯಲ್ಲಿತ್ತು. ಅಪ್ಪ ಕೊಡಿಸಿದ ತಬಲಾ ಅದು. ನಾನು ಬೆಕ್ಕಿನ ಕಡೆ ದುರುಗುಟ್ಟಿದೆ.

ಡ್ರೈವರ್ ಬೆಕ್ಕನ್ನು ಎತ್ತಿಕೊಂಡ. "ಅದಕ್ಕೆ ಬೈಬೇಡಿ ಅಣ್ಣ. ನಿಮ್ಮ ತಬಲಾದ ಎದುರು ಕೂತವರಿಗೆ ನಿದ್ದೆ ಬರೋದು ಹೊಸತಾ?"

ಉಳಿದದ್ದು

ಕುಮಟಾದಲ್ಲಿ ಒಮ್ಮೆ ಕಳ್ಳತನವೂ ಆಯಿತು. ನಾವು ಮೂವರೂ ಮಲಗಿದ್ದ ನನ್ನ ಕಚೇರಿಯ ವಸತಿಗೃಹದ ಹಿಂದೆ ನಿಲ್ಲಿಸಿದ್ದ ವ್ಯಾನಿನ ಬಾಗಿಲು ಬೆಳಿಗ್ಗೆ ಹಾರು ಹೊಡೆದಿತ್ತು. ಮಾಸ್ತರು ಲುಂಗಿಯಲ್ಲೇ ಓಡಿದರು. ಹಾರ್ಮೋನಿಯಂ ನೆಲದ ಮೇಲಿತ್ತು, ಕಳ್ಳ ಅದರ ಕೆಳಗೆ ಒಂದು ಗೋಣಿಚೀಲ ಹಾಸಿ ಇಟ್ಟಿದ್ದ. ಅದರ ಮೇಲೆ ಹೊಸ ಚರ್ಮ ಹಾಕಿಸಿದ ನನ್ನ ತಬಲಾ, ತಬಲಾದ ಮೇಲೆ ತಾಳ. ಒಂದಕ್ಕೂ ಗೀರು ಬಿದ್ದಿರಲಿಲ್ಲ. ವ್ಯಾನಿನಲ್ಲಿ ಅವುಗಳ ಅಡಿಯಲ್ಲಿದ್ದ ಸ್ಟೆಪ್ನಿ, ಜಾಕು, ಡ್ರೈವರನ ರೇನ್‌ಕೋಟು ಹೋಗಿದ್ದವು.

ಡ್ರೈವರ್ ಠಾಣೆಗೆ ಹೋಗೋಣವೆಂದ. ಅಲ್ಲಿ ಪೊಲೀಸಿನವರು ಮೊದಲು ನೋಡಿದ್ದು ಮಾಸ್ತರ ಮುಖವನ್ನು.

"ಎಂತ ಹೋಯ್ತು?"

"ಸ್ಟೆಪ್ನಿ, ಜಾಕು, ರೇನ್‌ಕೋಟು," ಎಂದ ಡ್ರೈವರ್.

"ನಿಮ್ಮದು ಎಂತ ಹೋಯ್ತು ಮಾಸ್ತರೇ?"

"ನಂದು ಎಂತದೂ ಹೋಗಲಿಲ್ಲ."

"ಮತ್ತೆ ಯಾಕೆ ಅಷ್ಟು ಬೇಜಾರು?"

ಮಾಸ್ತರು ಮೇಜಿನಂಚಿನ ಮೇಲೆ ಬೆರಳಾಡಿಸಿದರು. "ನಲವತ್ತು ವರ್ಷ ಬಾರಿಸಿದ ಪೆಟ್ಟಿಗೆ ಸಾರ್. ಕಳ್ಳನಿಗೂ ಬೇಡ ಆತು."

ಭದ್ರ

ನಮ್ಮ ಜೊತೆ ಮೊದಲು ಹೊನ್ನಾವರದ ಒಬ್ಬ ಗಾಯಕರಿದ್ದರು. ಅವರು ಎದೆನೋವಿನಿಂದ ಹೋಗಿಬಿಟ್ಟರು. ಅವರ ವರ್ಷಾಂತಕ್ಕೆ ಶುಕ್ರವಾರ ಅವರ ಮನೆಯಲ್ಲಿ ಹಾಡುವುದೆಂದು ಮಾತು ಕೊಟ್ಟಿದ್ದೆವು. ಗುರುವಾರ ಸಂಜೆ ಭಟ್ಕಳದಲ್ಲಿ ಇನ್ನೊಂದು ಕಾರ್ಯಕ್ರಮ. ಅದು ಮುಗಿದಾಗ ಪಕ್ಕದ ಮನೆಯ ಸಾಹೇಬರು ತಾವಾಗಿ ಬಂದು ಹೇಳಿದರು: "ಗಾಡಿ ರಸ್ತೆಯಲ್ಲಿ ಯಾಕೆ? ನಮ್ಮ ಗ್ಯಾರೇಜು ಖಾಲಿ ಇದೆ, ಷಟರ್ ಇದೆ. ಒಳಗೆ ಇಡಿ." ಅವರ ಅಳಿಯನೇ ಷಟರ್ ಎಳೆದು ಬೀಗ ಹಾಕಿದ. ಅಷ್ಟು ನಿಶ್ಚಿಂತೆಯಿಂದ ನಾವು ಯಾವತ್ತೂ ಮಲಗಿರಲಿಲ್ಲ.

ಬೆಳಿಗ್ಗೆ ಹೋದರೆ ಸಾಹೇಬರು ಗ್ಯಾರೇಜಿನ ಎದುರು ತಲೆ ಮೇಲೆ ಕೈಯಿಟ್ಟು ನಿಂತಿದ್ದರು. ಅಳಿಯ ನಡುರಾತ್ರಿಯೇ ಮಂಗಳೂರಿಗೆ ಹೋಗಿ ದುಬೈ ವಿಮಾನ ಹತ್ತಿದ್ದ. ಕೀಲಿಕೈ ಅವನ ಕಿಸೆಯಲ್ಲಿ.

"ಇನ್ನೊಂದು ಕೀಲಿಕೈ ಇಲ್ಲವಾ?" ಎಂದೆ.

"ಇದೆ," ಎಂದರು ಸಾಹೇಬರು ಸಣ್ಣ ದನಿಯಲ್ಲಿ. "ಗ್ಯಾರೇಜಿನ ಒಳಗೆ, ಮೊಳೆಗೆ."

ಭಟ್ಕಳದಲ್ಲಿ ಶುಕ್ರವಾರ ವಾರದ ರಜೆ, ಬೀಗ ರಿಪೇರಿ ಅಂಗಡಿ ಮುಚ್ಚಿತ್ತು. ಷಟರ್ ಒಡೆಯಿರಿ ಎಂದು ಸಾಹೇಬರೇ ಹಾರೆ ತಂದರು. ಮಾಸ್ತರು ಒಪ್ಪಲಿಲ್ಲ. "ಉಪಕಾರ ಮಾಡಿದವರ ಬಾಗಿಲು ಒಡೆಯೋದಾ?" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮರುದಿನ ಬೀಗದವನು ಬಂದು ತೆಗೆದುಕೊಟ್ಟ, ಆ ಮಾತು ಬೇರೆ. ಆ ದಿನ ನಾವು ಬರಿಗೈಯಲ್ಲಿ ಹೊನ್ನಾವರಕ್ಕೆ ಹೋದೆವು.

ಗಾಯಕರ ಹೆಂಡತಿ ನಮ್ಮ ಖಾಲಿ ಕೈ ನೋಡಿದರು. ಒಳಗಿಂದ ಒಂದು ಸ್ಟೀಲ್ ಕೊಡ ತಂದು ನನ್ನ ಎದುರು ಬೋರಲು ಹಾಕಿದರು. ಮಾಸ್ತರು ಕಣ್ಣುಮುಚ್ಚಿ ಹಾಡಿದರು. ಶ್ರುತಿಯಿಲ್ಲದೆ ದನಿ ಅಲ್ಲಲ್ಲಿ ಜಾರಿತು. ನಡುವೆ ಒಂದು ಕಡೆ ಹಾಡು ನಿಂತೇ ಹೋಯಿತು.

ಆಗ ನನ್ನ ಫೋನು ಹೊಡೆದುಕೊಂಡಿತು. ವಿಡಿಯೋ ಕಾಲ್. ಬಂದ್ ಮಾಡಲು ಹೋಗಿ ಗಡಿಬಿಡಿಯಲ್ಲಿ ಎತ್ತಿಬಿಟ್ಟೆ. ಪರದೆಯ ತುಂಬ ಸಾಹೇಬರ ಅಳಿಯ, ಹಿಂದೆ ವಿಮಾನ ನಿಲ್ದಾಣದ ದೀಪಗಳು. ಮಾವ ನಂಬರ್ ಕೊಟ್ಟಿರಬೇಕು. ಕೈಯಲ್ಲಿ ಕೀಲಿಕೈ ಹಿಡಿದು ಕ್ಯಾಮೆರಾದ ಎದುರು ಅಲ್ಲಾಡಿಸಿದ. ಇಡೀ ಮನೆಗೆ ಕೇಳುವಂತೆ ಹೇಳಿದ:

"ಅಣ್ಣ, ಗಾಬರಿ ಮಾಡ್ಬೇಡಿ. ಕೀಲಿಕೈ ಕಳೆದಿಲ್ಲ, ನನ್ನ ಹತ್ರನೇ ಭದ್ರವಾಗಿದೆ. ನಾನು ಹಬ್ಬಕ್ಕೆ ಬರೋವರೆಗೆ ನಿಮ್ಮ ಸಾಮಾನು ಯಾರೂ ಮುಟ್ಟೋಕಾಗಲ್ಲ."