ಬೀಗರ ಮುಂದೆ ಪೆಪ್ಪರಮೆಂಟು

ನಮ್ಮ ಮನೆತನದ ಮದುವೆಗಳಲ್ಲಿ ಊಟ ಕೆಡುವುದಿಲ್ಲ, ಮುಹೂರ್ತ ತಪ್ಪುವುದಿಲ್ಲ. ಆದರೆ ಮುಂದೆ ವರ್ಷಗಟ್ಟಲೆ ಹೇಳಿಕೊಂಡು ನಗುವಂಥದ್ದು ಒಂದಾದರೂ ಆಗಿಯೇ ತೀರುತ್ತದೆ. ಈ ಸಲ ಆದದ್ದು ಕೊಟ್ಟೂರಿನಲ್ಲಿ, ನಮ್ಮಕ್ಕನ ಮಗಳ ಆರತಕ್ಷತೆಯಲ್ಲಿ. ಅದರಲ್ಲಿ ನನ್ನ ಕೈವಾಡ ಸ್ವಲ್ಪ ಜಾಸ್ತಿಯೇ ಇತ್ತು.

ಹುಡುಗಿ ಕಾನಹೊಸಹಳ್ಳಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಮೊಬೈಲಿನಲ್ಲಿ ಎಲ್ಲೋ ನೋಡಿದ್ದಳಂತೆ: ಉದ್ದನೆಯ ಮೇಜು, ಮೇಲೆ ಸಾಲಾಗಿ ಗಾಜಿನ ಬಾಟಲಿ, ಒಳಗೆ ಬಣ್ಣಬಣ್ಣದ ಪೆಪ್ಪರಮೆಂಟು, ಚಾಕಲೇಟು, ಜೆಲ್ಲಿ. ಬಂದವರು ಬೇಕಾದ್ದನ್ನು ತಾವೇ ಚೀಲಕ್ಕೆ ತುಂಬಿಕೊಳ್ಳುವುದು. “ಮಾವ, ಬಂಗಾರ ಒಂದೆಳಿ ಕಮ್ಮಿ ಆದ್ರೂ ಚಿಂತಿಲ್ಲ, ಇದೊಂದು ಇಡಸ್ರಿ” ಅಂದಳು.

ಅವಳಪ್ಪ, ಅಂದರೆ ನಮ್ಮ ಭಾವ, ಕೇಳಿ ಕೆಂಡವಾದರು. “ಹರಪನಹಳ್ಳಿ ಬೀಗರು ದೊಡ್ಡ ಮಂದಿ. ಅವರ ಮುಂದ ಪೆಪ್ಪರಮೆಂಟ್ ಇಡ್ತೀರೇನು? ನಕ್ಕೊಂತ ಹೋಗ್ತಾರ!”

ಹುಡುಗಿಯ ಮುಖ ಬಾಡಿತು. ನನಗೆ ತಡೆಯಲಾಗಲಿಲ್ಲ. “ಬೀಗರು ನಕ್ಕರ ನಾನು ಉತ್ರ ಕೊಡ್ತೀನಿ ಭಾವ” ಎಂದುಬಿಟ್ಟೆ. ಹೀಗೆ ಕುಣಿಕೆಗೆ ನಾನೇ ಕುತ್ತಿಗೆ ಕೊಟ್ಟೆ.

ಬಾಟಲಿ

ಅಷ್ಟು ಗಾಜಿನ ಬಾಟಲಿ ಎಲ್ಲಿಂದ ತರುವುದು? ಅಕ್ಕ ಓಣಿಯ ಮನೆಮನೆಗೂ ಹೋಗಿ ಉಪ್ಪಿನಕಾಯಿ ಬಾಟಲಿ ಕೇಳಿ ತಂದಳು. ಹುಣಸೆಹಣ್ಣು ಹಚ್ಚಿ ತಿಕ್ಕಿ ಬಿಸಿಲಿಗಿಟ್ಟಳು. ಪರೀಕ್ಷೆಗೆಂದು ಒಂದರಲ್ಲಿ ಕಿತ್ತಳೆ ಪೆಪ್ಪರಮೆಂಟು ತುಂಬಿಟ್ಟು, ಮರುದಿನ ತೆಗೆದು ನನ್ನ ಬಾಯಿಗೆ ಹಾಕಿದಳು. ಮೊದಲು ಕಿತ್ತಳೆ ಬಂತು, ಆಮೇಲೆ ಬೆಳ್ಳುಳ್ಳಿ, ಕಡೆಗೆ ಇಂಗು. ಆವತ್ತೇ ಹೊಸಪೇಟೆಗೆ ಹೋಗಿ ಹೊಸ ಬಾಟಲಿ ತರಬೇಕಾಯಿತು.

“ಅಷ್ಟು ಕೆಟ್ಟದಾಗೈತೇನು?” ಅಕ್ಕ ಕೇಳಿದಳು.

“ಕೆಟ್ಟದಲ್ಲಕ್ಕ, ಜೋಡಿಗೆ ಬಿಸಿ ಅನ್ನ ಬೇಕಾಗಿತ್ತು.”

ಅಂಗಡಿ

ಹಗರಿಬೊಮ್ಮನಹಳ್ಳಿಯ ಹೋಲ್‌ಸೇಲ್ ಅಂಗಡಿಯಲ್ಲಿ ಏಳೆಂಟು ನಮೂನೆ ಹೇಳಿ, ಎಲ್ಲವೂ ಕಿಲೋಗಟ್ಟಲೆ ಬೇಕೆಂದೆ. ಯಾವುದೋ ಶಾಲೆಯ ಮಕ್ಕಳಿಗೆ ಎಂದುಕೊಂಡ ಸಾಹುಕಾರರು ಖುಷಿಯಾಗಿ ತೂಗಲು ಶುರು ಮಾಡಿದರು.

“ಯಾವ ಸಾಲಿರಿ ನಿಮ್ದು?”

“ಸಾಲಿಗಲ್ರಿ, ಮದುವಿಗೆ.”

ತೂಗುವ ಕೈ ನಿಂತಿತು. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದರು: “ಹುಡುಗಗ ವಯಸ್ಸೆಷ್ಟ್ರಿ?”

ಬಡಿಸೋರು ಎಲ್ಲಿ?

ಆರತಕ್ಷತೆಯ ಸಂಜೆ ಮೇಜು ಕಣ್ಣು ತುಂಬುವಂತಿತ್ತು. ಬೇರೆ ಜಾಗವಿಲ್ಲವೆಂದು ಅಕ್ಕ ಅರಿಶಿನ ಕುಂಕುಮದ ತಟ್ಟೆಯನ್ನೂ ಅದರ ಮೇಲೇ ಇಟ್ಟಳು. ಬಂದವರು ಕುಂಕುಮ ಹಚ್ಚಿಕೊಂಡರು, ಬಾಟಲಿ ನೋಡಿದರು, ಮುಂದೆ ಹೋದರು. ಒಬ್ಬರೂ ಮುಟ್ಟಲಿಲ್ಲ. ಮದುವೆ ಮನೆಯಲ್ಲಿ ತಾನಾಗಿ ಕೈಹಾಕಿ ತೆಗೆದುಕೊಳ್ಳುವ ರೂಢಿ ನಮ್ಮಲ್ಲೆಲ್ಲಿದೆ? ಬಡಿಸುವವರು ಬಡಿಸಬೇಕು, ನಾವು ಬೇಡ ಅನ್ನಬೇಕು, ಅವರು ಮತ್ತೆ ಬಡಿಸಬೇಕು. ನಾನು “ತಗೊಳ್ರಿ, ತಗೊಳ್ರಿ” ಎಂದು ಅಂಗಲಾಚಿದೆ. “ನೋಡೇ ಹೊಟ್ಟಿ ತುಂಬ್ತು ಬಿಡ್ರಿ” ಎಂದರು.

ಕೂಡ್ಲಿಗಿಯಿಂದ ಬಂದ ಹಿರಿಯರೊಬ್ಬರು ರೇಗಿದರು: “ಇಷ್ಟೆಲ್ಲಾ ಇಟ್ಟೀರಿ, ಬಡಸೋರು ಎಲ್ಲಿ ಹೋಗ್ಯಾರ?”

ಇದನ್ನು ಕೇಳಿಸಿಕೊಂಡ ಅಡುಗೆಯವರ ಕಡೆಯವನೊಬ್ಬ ಒಂದು ಬಾಟಲಿ ಜೆಲ್ಲಿಯನ್ನು ಬಕೀಟಿಗೆ ಸುರಿದುಕೊಂಡು ಊಟದ ಪಂಕ್ತಿಗೆ ನುಗ್ಗಿದ. ನಾನು ಓಡಿಹೋಗುವಷ್ಟರಲ್ಲಿ ಎಲೆಗಳ ಮೇಲೆ ಕೋಸಂಬರಿಯ ಪಕ್ಕ ಜೆಲ್ಲಿ, ಅದರ ಮೇಲೆ ಬಿಸಿ ಸಾರು. ಆ ಹಿರಿಯರು ಕಲಸಿಕೊಂಡು ಒಂದು ತುತ್ತು ತಿಂದು ತಲೆಯಾಡಿಸಿದರು: “ಪಲ್ಯ ಚಲೋ ಐತಿ, ಬೆಲ್ಲ ಮುಂದಾಗೈತಿ.”

ಉಡಿ

ವೇದಿಕೆಯ ಮೇಲಿಂದ ಹುಡುಗಿ ತುಂಬಿದ ಬಾಟಲಿಗಳನ್ನೇ ನೋಡುತ್ತಿದ್ದಳು. ನನಗೆ ಸಂಕಟವಾಯಿತು. ಅಷ್ಟರಲ್ಲಿ, ದಾರಿಯಲ್ಲಿ ತಡವಾಗಿದ್ದ ಬೀಗರ ಬಸ್ಸು ಬಂತು.

ಬೀಗತಿ, ಅಂದರೆ ವರನ ತಾಯಿ, ಮೇಜಿನ ಮುಂದೆ ನಿಂತರು. ಭಾವ ನನ್ನ ತೋಳು ಚಿವುಟಿದರು. ಆಕೆ ನಗಲಿಲ್ಲ. ಕುಂಕುಮ ಹಚ್ಚಿಕೊಂಡು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನ ಮುಂದೆ ಒಡ್ಡಿ, “ತುಂಬ್ರಿ ಮತ್ತ” ಅಂದರು. ಕುಂಕುಮದ ಜೊತೆ ಇಟ್ಟಿದ್ದೆಲ್ಲ ಉಡಿ ತುಂಬಲಿಕ್ಕೇ ಎಂದು ಅವರ ತಿಳುವಳಿಕೆ.

ಒಡ್ಡಿದ ಉಡಿಗೆ ಇಲ್ಲ ಎನ್ನುವುದುಂಟೇ? ಅಕ್ಕ ಬಾಟಲಿ ಬಗ್ಗಿಸಿ ಬೊಗಸೆ ಬೊಗಸೆ ಚಾಕಲೇಟು ಸುರಿದಳು. ತಗೋ, ಬೀಗರ ಕಡೆಯ ಹೆಣ್ಣುಮಕ್ಕಳೆಲ್ಲ ಸೆರಗು ಒಡ್ಡಿ ಸಾಲು ನಿಂತರು. ಅವರ ಹಿಂದೆ ನಮ್ಮ ಕಡೆಯವರು. “ನಾವೇನ್ ಪಾಪ ಮಾಡೀವಿ?” ಎಂದು ಗಂಡಸರು ಶಲ್ಯ ಒಡ್ಡಿದರು. ಹುಡುಗಿ ವೇದಿಕೆಯಿಂದ ಇಳಿದೋಡಿ ಬಂದು ಎರಡೂ ಕೈಯಲ್ಲಿ ಹಂಚತೊಡಗಿದಳು. ಅವಳ ಮುಖ ನೋಡಿ ನನ್ನ ಕಣ್ಣು ತುಂಬಿತು.

ಬಾಟಲಿಗಳು ಬರಿದಾಗುವುದನ್ನು ಕಂಡು ಭಾವನಿಗೂ ತಡೆಯಲಾಗಲಿಲ್ಲ. ಹೊಸ ಜರಿ ಶಲ್ಯ ಒಡ್ಡಿ ಮಗಳ ಮುಂದೆ ನಿಂತರು. “ನಂಗೂ ಹಾಕವ್ವ.”

ಬೀಗತಿ ಗಂಭೀರವಾಗಿ ಹೇಳಿದರು: “ಬೀಗ್ರೇ, ನೀವೂ ಉಡಿ ತುಂಬಿಸ್ಕೊಂಡ್ರಿ. ಕುಬಸ ಯಾವಾಗಂತ ಹೇಳ್ರಿ, ಬುತ್ತಿ ಕಟ್ಕೊಂಡು ನಾವೇ ಬರ್ತೀವಿ!”

ಬಸುರಿಗೆ ಮಾಡುವ ಕುಬಸ ಭಾವನಿಗೆ! ಎರಡೂ ಕಡೆಯ ಬೀಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಉತ್ತರ ಕೊಡುವ ಹೊಣೆ ನನ್ನದಾಗಿತ್ತಲ್ಲ, ಗಂಟಲು ಸರಿಮಾಡಿಕೊಂಡು ಮುಂದೆ ಬಂದೆ. ಭಾವ ನನ್ನನ್ನು ಪಕ್ಕಕ್ಕೆ ಸರಿಸಿ, ಶಲ್ಯವನ್ನು ಇನ್ನಷ್ಟು ಅಗಲ ಮಾಡಿದರು.

“ಕುಬಸ ಆಮ್ಯಾಲ ನೋಡೋಣ್ರಿ ಬೀಗತಿ, ಬಯಕಿ ಈಗಾ ಸುರುವಾಗೈತಿ. ಆ ಕೆಂಪುವು ಒಂದೀಟು ಹಾಕಸ್ರಿ.”