ಬೆನ್ನಿಗೆ ಬಿದ್ದ ರೆಗ್ಗೇ

ಚರ್ಚಾಸ್ಪರ್ಧೆಯಲ್ಲಿ ನಾನು ಸೋತವಳಲ್ಲ. ಮನೆಯಲ್ಲಂತೂ ಸೋಲುವ ಪ್ರಶ್ನೆಯೇ ಇಲ್ಲ. ಹೀಗಾಗಿ ಅಣ್ಣನ ಮಗಳಿಗೆ ಹೆಸರಿಡುವ ವಿಷಯ ಬಂದಾಗ, ಸೋದರತ್ತೆಯ ಪರಮಾಧಿಕಾರ ಚಲಾಯಿಸಿ "ಚಿಂತನಾ" ಎಂದು ಘೋಷಿಸಿದೆ.

"ಹುಟ್ಟಿದ ಕೂಸಿಗೆ ಈಗ ಯಾಕ ಚಿಂತಿ ಹಚ್ತಿ ಬೇ?" ಎಂದಳು ಆಯಿ, ಅಂದರೆ ನಮ್ಮಪ್ಪನ ತಾಯಿ. "ನಮ್ಮವ್ವನ ಹೆಸರ ಇಡು. ನೀಲಗಂಗವ್ವ."

ಆಯಿಯ ತವರು ಕಳ್ಳಕವಟಗಿ, ಹಠವೂ ಅಲ್ಲಿಯದೇ. ನಾನು ವಾದ ಮಂಡಿಸಿದೆ: ಸ್ವತಂತ್ರ ವ್ಯಕ್ತಿತ್ವ, ಶಾಲೆಯ ಹಾಜರಿ, ಬದಲಾದ ಕಾಲ. ಎಲ್ಲರೂ ಸುಸ್ತಾಗಿ ಒಪ್ಪಿದರು. ಗೆದ್ದೆ! ಆಯಿ ಮಾತ್ರ ಮೂಲೆಯಲ್ಲಿ ಬತ್ತಿ ಹೊಸೆಯುತ್ತ "ನೀಲಗಂಗವ್ವ, ನೀಲಗಂಗವ್ವ" ಎಂದು ಗುನುಗುತ್ತಲೇ ಇದ್ದಳು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಗೆದ್ದ ಬಾಯಿ ಸುಮ್ಮನಿರುವುದಿಲ್ಲ.

ಅಣ್ಣನಿಗೆ ರೆಗ್ಗೇ ಎಂಬ ಸಂಗೀತದ ಒಂದು ಆಲ್ಬಮ್‌ನ ಹುಚ್ಚು. ಎಲ್ಲೋ ದ್ವೀಪದ ತಂಡವೊಂದು ಸ್ಟುಡಿಯೋದಲ್ಲಿ ಕೂತು ಮಾಡಿದ್ದಂತೆ. "ಲಕ್ಷಗಟ್ಲೆ ಮಾರಾಟ ಆಗೇದ, ಗೊತ್ತೇನು?" ಎಂದ.

"ಗುಟ್ಕಾನೂ ಆಗ್ತದ. ಮಾರಾಟ ಆತಂದ್ರ ಚೊಲೋ ಅಂತ ಅರ್ಥೇನು? ತಾಳ ಬೀಳೂ ಜಾಗಾದಾಗ ಇವರು ಸುಮ್ಮನಿರ್ತಾರ, ಸುಮ್ಮನಿರೂ ಜಾಗಾದಾಗ ಗಿಟಾರ ಬಾರಸ್ತಾರ. ತೊಟ್ಟಿಲ ಕಾರ್ಯದ ದಿನ ಹಚ್ಚು ನೋಡೋಣ. ಒಬ್ಬಾಕಿದಾದ್ರೂ ತಲಿ ಅಲ್ಲಾಡಿದ್ರ ನಾ ಸೋತೆ ಅಂತ ಒಪ್ಕೋತೀನಿ!"

ಪಂಥ ಕಟ್ಟಿದವಳು ನಾನೇ. ದಾಖಲಾಗಲಿ.

ಅತ್ತಿಗೆಯ ತವರು ಬಬಲೇಶ್ವರ. ಸಿದ್ಧೇಶ್ವರ ಗುಡಿ ಹತ್ತಿರದ ನಮ್ಮ ಮನೆಯಿಂದ ಕೂಸಿನ ತಲೆಗೆ ಕುಂಚಿಗೆ, ಬಳೆ, ಸಕ್ಕರೆ ಮತ್ತು ಸ್ಪೀಕರ್ ಸಮೇತ ಹೊರಟೆವು. ನಮ್ಮ ಕಡೆಯ ಪದ್ಧತಿ ಹೀಗೆ: ಸೋದರತ್ತೆ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಬೇಕು. ಆಗ ಉಳಿದ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು. ಕಿವಿಗೆ ಬಿದ್ದ ಹೆಸರು ಖಾಯಂ. ಮೇಲ್ಮನವಿಗೆ ಅವಕಾಶವಿಲ್ಲ.

ನಾನು ಬಾಗಿದೆ. ಅಣ್ಣ ಆಲ್ಬಮ್ ಹಚ್ಚಿದ. ನೆಲದೊಳಗಿಂದ ಬಂದಂತೆ ದುಮ್... ದುಮ್... ಅತ್ತಿಗೆಯ ತಾಯಿ ಮೊದಲ ಗುದ್ದು ಹಾಕಿದರು. ಅದು ಸರಿಯಾಗಿ ಗಿಟಾರಿನ ಜಾಗದಲ್ಲೇ ಬಿತ್ತು! ಎರಡನೆಯದೂ ಅಲ್ಲೇ. ಆ ಊರ ಹೆಂಗಸರು ರೆಗ್ಗೇ ಕಲಿತೇ ಹುಟ್ಟಿದ್ದರು.

ಧೂಪದ ಹೊಗೆ, ಕೂಸಿನ ಹಾಲುಗಂಪಿನ ಉಸಿರು, ಹೋಗಿ ಬರುವ ತೊಟ್ಟಿಲು. ಸಮುದ್ರವನ್ನೇ ಕಾಣದ ನನಗೆ ಮುಚ್ಚಿದ ಕಣ್ಣೊಳಗೆ ಸಮುದ್ರ ಕಂಡಿತು. ತಿಕೋಟಾದ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಹಾಕುವ ಬಲೆಗಳು ಹಸಿರು ಅಲೆಗಳಾಗಿ ತೂಗಿದವು. ಆ ಅಲೆಗಳ ಮೇಲೆ ಗೋಳಗುಮ್ಮಟ ಮೆಲ್ಲಗೆ ತೇಲುತ್ತ ಹೊರಟಿತ್ತು, ಯಾರಿಗೂ ಉತ್ತರ ಕೊಡಬೇಕಿಲ್ಲದವರ ಹಾಗೆ. ನನಗೂ ಯಾರ ಮಾತಿಗೂ ಎದುರಾಡಬೇಕು ಅನಿಸಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ!

"ಹೆಸರ ಹೇಳ ಬೇ ಲಗೂನ!" ಎಂದು ಯಾರೋ ಇನ್ನೊಂದು ಗುದ್ದಿದರು.

"ಕುರ್ರ್..." ಎಂದೆ. "ಚಿಂತನಾ" ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ತಾಳದಲ್ಲಿ ಕೂಡಲಿಲ್ಲ. ಒಂದು ಜಾಗ ಖಾಲಿ ಉಳಿಯುತ್ತಿತ್ತು. ಅಷ್ಟರಲ್ಲಿ ದಿಂಬಿಗೆ ತಲೆಯಿಟ್ಟಷ್ಟು ಹಿತವಾಗಿ, ನನ್ನದೇ ಬಾಯಿಂದ, ಬೇರೆ ಹೆಸರು ಹೊರಬಿತ್ತು.

"ನೀ-ಲ-ಗಂ-ಗವ್ವ."

ಒಮ್ಮೆಯಲ್ಲ. ಆ ಹಾಡು ಮುಗಿಯುವವರೆಗೂ!

ಕಣ್ಣು ತೆರೆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಸಕ್ಕರಿ ಹಂಚ್ರಿ!" ಎಂದಳು.

"ಚಿಂತನಾ ಎಲ್ಲಿ ಹೋತ್ರಿ?" ಎಂದು ಅತ್ತಿಗೆ ಪಿಸುಗುಟ್ಟಿದಳು. ತೇಲಿ ಹೋಯಿತು ಎಂದು ಹೇಗೆ ಹೇಳಲಿ?

ಅಣ್ಣ ಹಲ್ಲು ಕಿರಿದ. "ತಲಿ ಅಲ್ಲಾಡ್ತು. ನೀ ಸೋತಿ."

"ನನ್ನ ತಕರಾರ ಅದ!" ಎಂದೆ. "ಬೆನ್ನಿಗೆ ಗುದ್ದಿದ್ರ ತಲಿ ಅಲ್ಲಾಡೂದು ವಿಜ್ಞಾನ. ಅದರಾಗ ಸಂಗೀತದ್ದೇನೂ ಇಲ್ಲ."

ಆಯಿ ನನ್ನ ಗಲ್ಲ ಹಿಡಿದಳು. "ಗುದ್ದೂದು ನಿಲ್ಲಿಸಿ ಭಾಳ ಹೊತ್ತಾತು ಬೇ. ನೀ ಇನ್ನೂ ಅಲ್ಲಾಡಾಕತ್ತಿ."

ನೋಡಿದೆ. ಹೆಂಗಸರು ಸಕ್ಕರೆ ತಿನ್ನುತ್ತಿದ್ದರು. ತೊಟ್ಟಿಲು ನಿಂತಿತ್ತು. ನೀಲಗಂಗವ್ವ ನಿದ್ದೆ ಹೋಗಿದ್ದಳು. ತೂಗುತ್ತಿದ್ದವಳು ನಾನೊಬ್ಬಳೇ!